ರೋಗದ ಬೇರನ್ನು ಅರಸಿದ ವೈದ್ಯ

ಜ್ವರ ಬಂದವನಿಗೆ ಔಷಧಿ ಕೊಡುವುದು ವೈದ್ಯನ ಧರ್ಮ. ಆದರೆ ಊರಿಗೆ ಊರೇ ಜ್ವರದಿಂದ ಹಾಸಿಗೆ ಹಿಡಿದಾಗ ಅವನು ಮಾಡಬೇಕಾದುದೇನು? ಈ ಪ್ರಶ್ನೆಗೆ ನಿರ್ಭಯವಾಗಿ ಉತ್ತರವಿತ್ತ ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಖೋ ಅವರನ್ನು ಇಲ್ಲಿ ನಾವು ಸ್ಮರಿಸುತ್ತಿದ್ದೇವೆ.

1821ರ ಅಕ್ಟೋಬರ್ 13ರಂದು ಪೊಮೆರೇನಿಯ ಪ್ರಾಂತದ ಸಣ್ಣ ಊರೊಂದರಲ್ಲಿ ಜನಿಸಿದ ವಿರ್ಖೋ, 1843ರಲ್ಲಿ ಬರ್ಲಿನ್‌ನಲ್ಲಿ ವೈದ್ಯಪದವಿ ಪಡೆದರು. ಅಲ್ಲಿನ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕಾರ್ಯದಲ್ಲಿ ನಿರತರಾದರು. 1848ರಲ್ಲಿ ಮೇಲಣ ಸೈಲೀಷಿಯದಲ್ಲಿ ಟೈಫಸ್ ಜ್ವರ ಹಬ್ಬಿದಾಗ, ಪ್ರಷ್ಯದ ಸರಕಾರ ತನಿಖೆಗಾಗಿ ಅವರನ್ನು ಕಳುಹಿಸಿತು. ಅಲ್ಲಿ ಅವರು ಕಂಡದ್ದು ಹಸಿವು, ಕೊಳಕು, ಅನಕ್ಷರತೆ. ಔಷಧಿಯೊಂದರಿಂದಲೇ ಈ ಜನ ಉಳಿಯಲಾರರು. ಅವರಿಗೆ ಬೇಕಾದುದು ವಿದ್ಯೆ, ಸ್ವಾತಂತ್ರ್ಯ ಮತ್ತು ಹೊಟ್ಟೆ ತುಂಬ ಅನ್ನವೆಂಬುದೇ ಅವರ ವರದಿಯ ತಿರುಳು. ಅದೇ ವರ್ಷ ಬರ್ಲಿನ್‌ನ ಜನಕ್ರಾಂತಿಯಲ್ಲಿಯೂ ಅವರು ಭಾಗಿಯಾದರು. ಪರಿಣಾಮವಾಗಿ ಆಳುವವರ ಅವಕೃಪೆಗೆ ಗುರಿಯಾಗಿ, 1849ರಲ್ಲಿ ಬರ್ಲಿನ್ ಬಿಟ್ಟು ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯ ಸೇರಬೇಕಾಯಿತು.

1856ರಲ್ಲಿ ಬರ್ಲಿನ್ ಅವರನ್ನು ಮತ್ತೆ ಬರಮಾಡಿಕೊಂಡಿತು. ಎರಡು ವರ್ಷಗಳ ತರುವಾಯ ಅವರ ಮಹಾಗ್ರಂಥ 'ಕೋಶೀಯ ರೋಗಶಾಸ್ತ್ರ' ಪ್ರಕಟವಾಯಿತು. ಶರೀರದ ರಸಗಳು ಏರುಪೇರಾಗುವುದೇ ವ್ಯಾಧಿಗೆ ಕಾರಣವೆಂಬ ನಂಬಿಕೆ ಅಂದು ಇನ್ನೂ ಅಳಿದಿರಲಿಲ್ಲ. ಪ್ರತಿಯೊಂದು ಜೀವಕೋಶವೂ ಮತ್ತೊಂದು ಜೀವಕೋಶದಿಂದಲೇ ಹುಟ್ಟುವುದೆಂದೂ, ರೋಗದ ನೆಲೆ ಜೀವಕೋಶವೇ ಎಂದೂ ವಿರ್ಖೋ ಪ್ರತಿಪಾದಿಸಿದರು. ಹೆಪ್ಪುಗಟ್ಟಿದ ರಕ್ತದ ತುಣುಕು ಹರಿದುಹೋಗಿ ಶ್ವಾಸಕೋಶದ ನಾಳವನ್ನು ಮುಚ್ಚುವ ಬಗೆಯನ್ನು ವಿವರಿಸಿದವರೂ, 'ಲ್ಯುಕೇಮಿಯ' ಎಂಬ ಹೆಸರನ್ನು ಕೊಟ್ಟವರೂ ಇವರೇ.

ದೇಹವನ್ನು ಅವರು ರಾಜ್ಯಕ್ಕೆ ಹೋಲಿಸಿದರು. ಜೀವಕೋಶಗಳೇ ಅದರ ಪ್ರಜೆಗಳು. ಈ ಹೋಲಿಕೆ ಅವರಿಗೆ ಬರಿಯ ಮಾತಾಗಿರಲಿಲ್ಲ. 1859ರಲ್ಲಿ ಬರ್ಲಿನ್ ನಗರಸಭೆಗೆ ಆಯ್ಕೆಯಾಗಿ, ಕಡೆಯವರೆಗೂ ಸದಸ್ಯರಾಗಿ ದುಡಿದರು. ಬೀದಿಬದಿಯ ತೆರೆದ ಚರಂಡಿಗಳಲ್ಲಿ ಹರಿಯುತ್ತಿದ್ದ ಹೊಲಸನ್ನು ನೆಲದಡಿಯ ಕೊಳವೆಗಳ ಮೂಲಕ ಊರಾಚೆಯ ಹೊಲಗಳಿಗೆ ಸಾಗಿಸಬೇಕೆಂಬ ಇಂಜಿನಿಯರ್ ಹೋಬ್ರೆಕ್ಟ್ ಅವರ ಯೋಜನೆಗೆ ಬೆಂಬಲವಾಗಿ ನಿಂತರು. ನಗರದ ಆಸ್ಪತ್ರೆಗಳಿಗಾಗಿ, ಮಾಂಸದ ತಪಾಸಣೆಗಾಗಿ ಹೋರಾಡಿದರು.

ಇಂಥವರ ದೃಷ್ಟಿಗೂ ಮಿತಿಯಿತ್ತು. ಬಾಣಂತಿ ಜ್ವರದ ತಡೆಗೆ ವೈದ್ಯರು ಕೈ ತೊಳೆಯಬೇಕೆಂದ ಸೆಮ್ಮೆಲ್‌ವೈಸ್ ಅವರ ಬೋಧನೆಯನ್ನು ವಿರ್ಖೋ ಒಪ್ಪಲಿಲ್ಲ. ರೋಗಾಣುಗಳೇ ರೋಗಕ್ಕೆ ಕಾರಣವೆಂಬ ಸಿದ್ಧಾಂತವನ್ನೂ ಬಹುಕಾಲ ಶಂಕಿಸಿದರು. ವಿದ್ವಾಂಸರ ಮಾತನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕೆಂಬುದಕ್ಕೆ ಇದೂ ಒಂದು ನಿದರ್ಶನ.

1902ರ ಸೆಪ್ಟೆಂಬರ್ 5ರಂದು ಅವರು ನಿಧನರಾದರು. ಮನೆಯಲ್ಲಿ ಮಗು ಪದೇಪದೇ ಕಾಯಿಲೆ ಬಿದ್ದರೆ ನಾವು ವೈದ್ಯರಲ್ಲಿಗೆ ಓಡುತ್ತೇವೆ, ಅದು ಸರಿ. ಅದರೊಡನೆ ಕುಡಿಯುವ ನೀರನ್ನೂ, ಮನೆಯೆದುರಿನ ಚರಂಡಿಯನ್ನೂ, ನೆರೆಯ ಬಡವನ ಒಲೆಯನ್ನೂ ಒಮ್ಮೆ ನೋಡೋಣ.