ನದಿಯ ಪಕ್ಕದ ಸೈಟು: ಮನೆ ಎಲ್ಲಿ ಏಳಬಹುದು?

ಬೇಸಿಗೆಯಲ್ಲಿ ಒಣಗಿರುವ ಜಾಗ, ನಿಜಕ್ಕೂ ಯಾರದು?

ಗೋವಾದ ವಾಳಪೈ. ಸತ್ತರಿ ತಾಲೂಕಿನ ಕೇಂದ್ರ.
ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿ
ಘಟ್ಟ ಇಳಿದು ಬರುವುದು ಈ ತಾಲೂಕಿಗೇ.
2021ರ ಜುಲೈ.
ನದಿ ಉಕ್ಕಿತು. ಸತ್ತರಿಯ ಮನೆಗಳಿಗೆ ನೀರು ನುಗ್ಗಿತು.
1982ರ ನಂತರದ ದೊಡ್ಡ ನೆರೆ ಎಂದಿತು ಸರ್ಕಾರ.

ಉಕ್ಕಿದ ನದಿ ಹರಡುವ ಜಾಗವೇ ನೆರೆಬಯಲು. ಅದು ಬಸ್ಸಿನ ರಿಸರ್ವ್ ಸೀಟಿದ್ದಂತೆ.
ಖಾಲಿ ಕಾಣುತ್ತದೆ, ನಿಜ.
ಟಿಕೆಟ್ ಇದ್ದವರು ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರೆ!

ನೆರೆಬಯಲಿನಲ್ಲಿ ಏನು ಎಲ್ಲಿರಬೇಕು ಎಂದು 1975ರಲ್ಲೇ ಕೇಂದ್ರವು ರಾಜ್ಯಗಳಿಗೆ ಮಾದರಿ ಮಸೂದೆ ಕಳಿಸಿತ್ತು.
ಆಟದ ಮೈದಾನ, ಪಾರ್ಕು ತಗ್ಗಿನಲ್ಲಿರಲಿ.
ಮನೆಗಳು 25 ವರ್ಷದ ನೆರೆಮಟ್ಟಕ್ಕಿಂತ ಮೇಲೆ.
ಆಸ್ಪತ್ರೆ, ವಿದ್ಯುತ್ ಕೇಂದ್ರ 100 ವರ್ಷದ ಮಟ್ಟಕ್ಕಿಂತ ಮೇಲೆ.

25 ವರ್ಷದ ನೆರೆ ಎಂದರೆ 25 ವರ್ಷಕ್ಕೊಮ್ಮೆ ಅಲ್ಲ.
ಪ್ರತಿ ವರ್ಷವೂ ಶೇ. 4ರಷ್ಟು ಸಾಧ್ಯತೆ.
ಈ ವರ್ಷ ಬಂದದ್ದು ಮುಂದಿನ ವರ್ಷವೂ ಬರಬಹುದು.

ಆ ಮಾದರಿ ಮಸೂದೆ ನೋಡಿ ಕಾಯ್ದೆ ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು.

ಗೋವಾದ ಕೈಯಲ್ಲಿರುವುದು ನಗರ ಯೋಜನಾ ಕಾಯ್ದೆಯ 17ಎ ಕಲಂ.
ತಗ್ಗು ಜಮೀನಿಗೆ ಮಣ್ಣು ತುಂಬಲು
ಮುಖ್ಯ ನಗರ ಯೋಜಕರ ಲಿಖಿತ ಅನುಮತಿ ಬೇಕು.
ಕಾರಣ ಸರಳ.
ಒಂದು ಸೈಟು ಎತ್ತರವಾದರೆ
ಅಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದ ಮನೆಯ ಹೊಸಿಲು ದಾಟುತ್ತದೆ.