ಸಣ್ಣ ನಾಯಿಯ ಬಿಡದ ಮೈನವೆ

ಎತ್ತಿನ ಕಾಲುಬಾಯಿ ಬೇನೆ, ಕುರಿಯ ನೀಲಿನಾಲಿಗೆ, ಎಮ್ಮೆಯ ಕೆಚ್ಚಲುಬಾವು ಇಂಥ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ ಮನೆಯ ನಾಯಿಯ ಕೆರೆತವನ್ನು ಕುರಿತು ಬರೆಯಹೊರಟರೆ ಕೆಲವರಿಗೆ ನಗು ಬಂದೀತು. ನಗಲಿ. ಕೋಸಗಿಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಕಣ ಕಾಯುವ ಊರನಾಯಿಯ ಜತೆಗೆ, ಆದವಾನಿಯಿಂದಲೋ ರಾಯಚೂರಿನಿಂದಲೋ ತಂದ ಬಿಳಿಯ, ಉದ್ದಗೂದಲಿನ ಸಣ್ಣ ನಾಯಿಗಳೂ ಈಗ ಕಟ್ಟೆಗಳ ಮೇಲೆ ಕಾಣಿಸುತ್ತವೆ. ಜನ ಅವನ್ನು ಪಾಮರೇನಿಯನ್ ಎಂದು ಕರೆಯುತ್ತಾರೆ. ಬಹುಪಾಲು ಅವು ಇಂಡಿಯನ್ ಸ್ಪಿಟ್ಜ್ ಎಂಬ ಜಾತಿಯವು. ಮೈತುಂಬ ಒತ್ತಾದ ಕೂದಲು. ನಮ್ಮದು ಬೇಸಗೆಯಲ್ಲಿ ಬಂಡೆ ಕಾಯುವ ನಾಡು. ಇವುಗಳ ಚರ್ಮಕ್ಕೆ ತೊಂದರೆ ಬಂದರೆ ಅದು ಕೂದಲೊಳಗೇ ಬೆಳೆದು, ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಬಲಿತುಹೋಗಿರುತ್ತದೆ.

ಈ ಬರೆಹಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇವೆ. ನಮಗೆ ಬೇಕಾದ ಒಂದು ಒಕ್ಕಲುಮನೆಯಲ್ಲಿ ಮೂರು ವರ್ಷದ ಇಂಥ ನಾಯಿಯೊಂದಿತ್ತು. ಎರಡು ಮುಂಗಾರುಗಳಿಂದಲೂ ಮಳೆ ಬಿದ್ದ ಮೂರು ನಾಲ್ಕು ವಾರಕ್ಕೆ ಸರಿಯಾಗಿ ಅದಕ್ಕೆ ನವೆ ಸುರುವಾಗುವುದು. ಬಾಲದ ಬುಡದಲ್ಲಿ ಕೂದಲು ಉದುರಿ, ಕಚ್ಚಿ ಕಚ್ಚಿ ಹುಣ್ಣಾಗಿ, ವಾಸನೆ ಹೊಡೆಯುವುದು. ಮನೆಯ ಹಿರಿಯರು ಬೇಸತ್ತು, ನಾಯಿಯನ್ನು ರೈಲಿಗೆ ಹಾಕಿಕೊಂಡು ಹೋಗಿ ಹೊಳೆಯಾಚೆ ಮಟಮಾರಿಯಲ್ಲಿ ಬಿಟ್ಟು ಬರುವುದೆಂದು ಗಟ್ಟಿಮಾಡಿದ್ದರು. ಮೊಮ್ಮಗ ಎರಡು ಹೊತ್ತು ಊಟ ಬಿಟ್ಟಿದ್ದ. ನಾವು ಹೋಗಿ ಕೇಳಿದಾಗ ಹಿರಿಯರು, “ಏನು ಮಾಡೋಣ್ರಿ? ರಾತ್ರಿ ಬೆಳತನಕ ಕೆರಕೊಂತದ, ಕುಂಯ್‌ಗುಡ್ತದ. ಮನ್ಯಾಗ ಕೂಸು ಐತಿ, ಅದಕ್ಕೂ ತಿಂಡಿ ಹತ್ತಿದ್ರ ಯಾರು ಹೊಣಿ?” ಎಂದರು. (ನಮ್ಮ ಕಡೆ ತಿಂಡಿ ಎಂದರೆ ಉಪಾಹಾರವಲ್ಲ, ನವೆ, ಬೆಂಗಳೂರಿನ ಓದುಗರು ಗಾಬರಿಯಾಗಬಾರದು.) ಅವರ ಅಂಜಿಕೆ ಸುಳ್ಳಿನದಲ್ಲ. ಆದರೆ ಆ ನಾಯಿಗೆ ಇದ್ದದ್ದು ಅವರು ಅಂಜಿದ ರೋಗವಲ್ಲ.

ಎಲ್ಲ ಕೆರೆತಕ್ಕೂ ಜನ ಕಜ್ಜಿ ಎಂಬ ಒಂದೇ ಹೆಸರು ಕೊಡುತ್ತಾರೆ. ನಮ್ಮ ಸೀಮೆಯ ಪಶುವೈದ್ಯರಲ್ಲಿ ಹಲವರು ತೆಲುಗು ಮಾತಿನವರು. ಅವರೆದುರು ‘ಗಜ್ಜಿ’ ಎಂದುಬಿಟ್ಟರೆ ಅವರ ಮನಸ್ಸು ನೇರವಾಗಿ ಕಜ್ಜಿಯ ಹುಳದ ಕಡೆಗೆ ಹೋಗುತ್ತದೆ. ‘ದುರದ’ ಎಂದರೆ ಬರಿಯ ನವೆ ಎಂದು ತಿಳಿಯುತ್ತಾರೆ. ಎಲ್ಲಿ, ಯಾವಾಗಿನಿಂದ, ವರ್ಷದ ಯಾವ ಕಾಲದಲ್ಲಿ ಎಂದು ತಾವೇ ಮುಂದಕ್ಕೆ ಕೇಳುತ್ತಾರೆ. ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮನೆಯಲ್ಲಿಯೇ ನೋಡಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಕೆರೆತ ಎಲ್ಲಿದೆ ಎಂಬುದೇ ದೊಡ್ಡ ಗುರುತು. ಬೆನ್ನಿನ ಕೆಳಭಾಗ, ಬಾಲದ ಬುಡ, ಹಿಂದೊಡೆಗಳಲ್ಲಿ ಇದ್ದರೆ ಚಿಗಟದ ಮೇಲೆ ಸಂಶಯ. ಕಿವಿಯ ಅಂಚು, ಮೊಣಕೈ, ಹೊಟ್ಟೆಯಲ್ಲಿ ಹೊಪ್ಪಳೆಗಟ್ಟಿ, ನಾಯಿ ಹಗಲಿರುಳು ತಡೆಯಲಾರದೆ ಕೆರೆದುಕೊಂಡರೆ ಕಜ್ಜಿಹುಳ. ಇದಕ್ಕೆ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆಯುಂಟು: ಕಿವಿಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಉಜ್ಜಿದಾಗ ನಾಯಿ ತನಗೆ ತಾನೇ ಹಿಂಗಾಲು ಆಡಿಸಿದರೆ ಕಜ್ಜಿಹುಳವಿರುವ ಸಂಭವ ಹೆಚ್ಚು. ಈ ಹುಳ ಬೇರೆ ನಾಯಿಗಳಿಗೆ ಬೇಗ ಹತ್ತುತ್ತದೆ. ಎತ್ತಿ ಆಡಿಸುವ ಮಕ್ಕಳಿಗೂ ತೋಳು, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಏಳಿಸುತ್ತದೆ. ಮನುಷ್ಯರ ಮೈಮೇಲೆ ಅದು ಬಹುಕಾಲ ಬಾಳಲಾರದು, ನಾಯಿಗೆ ವಾಸಿಯಾದರೆ ಮಕ್ಕಳಿಗೂ ಹೋಗುತ್ತದೆ. ಮರಿನಾಯಿಗಳಲ್ಲಿ ಕಣ್ಣು ಬಾಯಿಗಳ ಸುತ್ತ, ಮುಂಗಾಲುಗಳಲ್ಲಿ ನವೆಯಿಲ್ಲದೆಯೇ ಬೋಳು ತೇಪೆಗಳು ಬಿದ್ದರೆ ಅದು ಇನ್ನೊಂದು ಜಾತಿಯ ಹುಳ. ಅದು ಯಾರಿಗೂ ಅಂಟುವುದಿಲ್ಲ. ಇನ್ನು ಪಾದ, ಮುಖ, ಕಿವಿಯೊಳಗು, ಕಂಕುಳು ಇವುಗಳಲ್ಲಿ ನವೆಯಿದ್ದು, ಆರು ತಿಂಗಳಿಂದ ಮೂರು ವರ್ಷದೊಳಗೆ ಸುರುವಾಗಿ, ಬಂದು ಹೋಗಿ ಮಾಡುತ್ತಿದ್ದರೆ ಅದು ಅಲರ್ಜಿ, ಎಂದರೆ ಮೈ ಒಗ್ಗದಿರುವಿಕೆ.

ನಮ್ಮ ಒಕ್ಕಲುಮನೆಯ ನಾಯಿಗೆ ಬಾಲದ ಬುಡದಲ್ಲಿತ್ತಷ್ಟೆ. ಆದರೆ ಮನೆಯವರು, “ನಾಯಿ ಮೈಮ್ಯಾಗ ಒಂದು ಚಿಗಟನೂ ಇಲ್ಲರಿ, ನೋಡೀವಿ” ಎಂದರು. ನಾವು ಹೇನು ತೆಗೆಯುವ ಒತ್ತುಹಲ್ಲಿನ ಬಾಚಣಿಗೆ ತರಿಸಿ, ಬಾಲದ ಬುಡವನ್ನು ಬಾಚಿ, ಬಂದ ಕರಿಯ ಪುಡಿಯನ್ನು ಒದ್ದೆ ಮಾಡಿದ ಬಿಳಿಯ ಕಾಗದದ ಮೇಲೆ ಉದುರಿಸಿದೆವು. ಮಣ್ಣಾಗಿದ್ದರೆ ಕರಿಯದಾಗಿಯೇ ಉಳಿಯಬೇಕು. ಸ್ವಲ್ಪ ಹೊತ್ತಿಗೆ ಪುಡಿಯ ಸುತ್ತ ಕೆಂಗಂದು ಬಣ್ಣ ಹರಡಿತು. ಅದು ಚಿಗಟದ ಹಿಕ್ಕೆ. ಜೀರ್ಣವಾದ ನಾಯಿಯ ರಕ್ತ. ಮೊಮ್ಮಗ ಕಾಗದವನ್ನು ಅಜ್ಜನ ಮುಂದೆ ಹಿಡಿದ.

ಚಿಗಟಕ್ಕೆ ಒಗ್ಗದ ನಾಯಿಯ ಮೈಮೇಲೆ ಚಿಗಟ ಸಿಗದಿರುವುದು ಸೋಜಿಗವಲ್ಲ. ಅಂಥ ನಾಯಿ ಕಚ್ಚಿ ನೆಕ್ಕಿ ಹಿಡಿದು ನುಂಗಿಬಿಟ್ಟಿರುತ್ತದೆ. ತೊಂದರೆಯಿರುವುದು ಚಿಗಟದ ಎಂಜಲಿನಲ್ಲಿ. ಎಂಜಲು ಒಗ್ಗದ ಮೈಗೆ ದಿನಕ್ಕೆ ನಾಲ್ಕಾರು ಕಡಿತ ಬಿದ್ದರೂ ಸಾಕು, ನವೆ ವಾರಗಟ್ಟಲೆ ಇಳಿಯುವುದಿಲ್ಲ. ಪಕ್ಕದಲ್ಲಿ ಮಲಗುವ ಊರನಾಯಿಗೆ ಮೈತುಂಬ ಚಿಗಟವಿದ್ದರೂ ಅದು ಸುಮ್ಮನಿರುವುದುಂಟು.

ಮಳೆಗೂ ನವೆಗೂ ಇರುವ ನಂಟನ್ನು ರೈತರು ಸುಲಭವಾಗಿ ತಿಳಿಯಬಲ್ಲರು. ಚಿಗಟ ನಾಯಿಯ ಮೈಮೇಲೆ ಮೊಟ್ಟೆಯಿಡುತ್ತದೆ, ಆದರೆ ಮೊಟ್ಟೆ ಅಂಟಿಕೊಳ್ಳದೆ ನಾಯಿ ಮಲಗಿದಲ್ಲಿ ಉದುರುತ್ತದೆ. ಅದರಿಂದ ಹೊರಟ ಮರಿಹುಳ ಬೆಳಕಿಗೆ ಅಂಜಿ ಗೋಣಿಚೀಲದ ಕೆಳಗೆ, ಬಂಡೆಯ ಸಂದಿಗೆ, ಕಂಬಳಿಯ ಎಳೆಯೊಳಗೆ ಸೇರುತ್ತದೆ. ಅದಕ್ಕೆ ತೇವ ಬೇಕು. ಚೈತ್ರ ವೈಶಾಖದ ನಮ್ಮ ಒಣಗಾಳಿಗೆ ಬತ್ತಿ ಸಾಯುತ್ತದೆ. ಮುಂಗಾರು ಬಂದು ಗಾಳಿಗೆ ತಂಪು ಏರಿತೆಂದರೆ ಸಂತತಿ ಬೆಳೆಯುತ್ತದೆ. ಮರಿಹುಳ ಗೂಡು ಕಟ್ಟಿಕೊಂಡ ಮೇಲಂತೂ ತಿಂಗಳುಗಟ್ಟಲೆ ಕಾಯಬಲ್ಲುದು. ಹೆಜ್ಜೆಯ ಅದಿರು, ಮೈಯ ಬಿಸಿ ತಾಗಿದ ಕ್ಷಣ ಹೊರಗೆ ಹಾರುತ್ತದೆ. ಮುಚ್ಚಿದ ಮನೆಯ ಬಾಗಿಲು ತೆಗೆದು ಒಳಹೊಕ್ಕಾಗ ಕಾಲಿಗೆ ಚಿಗಟ ಮುತ್ತುವುದನ್ನು ಎಲ್ಲರೂ ಕಂಡಿದ್ದೇವೆ.

ಆದುದರಿಂದ ಬರಿಯ ನಾಯಿಗೆ ಮದ್ದು ಹಾಕಿದರೆ ಅರ್ಧ ಹೊಲಕ್ಕೆ ಕಳೆ ತೆಗೆದಂತೆ. ನಾಯಿ ಮಲಗುವ ಗೋಣಿ, ಕಂಬಳಿಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆದು ಕಡುಬಿಸಿಲಿಗೆ ಹರವಬೇಕು. ಬಂಡೆಯ ಸಂದಿ, ಮಂಚದ ಕೆಳಗು, ಕೊಟ್ಟಿಗೆಯ ಮೂಲೆಗಳನ್ನು ದಿನವೂ ಗುಡಿಸಿ ಕಸ ಸುಡಬೇಕು. ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಒಂದೇ ಕಾಲಕ್ಕೆ ಮದ್ದಾಗಬೇಕು. ಆದರೆ ನಾಯಿಯ ಮದ್ದನ್ನು ಬೆಕ್ಕಿಗೆ ಹಾಕಕೂಡದು, ಪರ್ಮೆತ್ರಿನ್ ಸೇರಿದ್ದರೆ ಬೆಕ್ಕು ಸಾಯುತ್ತದೆ. ನಾಯಿಗೆ ಈಗ ನುಂಗಿಸುವ ಮಾತ್ರೆಗಳು ಬಂದಿವೆ. ಅಫೊಕ್ಸೊಲೇನರ್ ಎಂಬುದು ಒಂದು ತಿಂಗಳು, ಫ್ಲೂರಲೇನರ್ ಎಂಬುದು ಸುಮಾರು ಮೂರು ತಿಂಗಳು ಚಿಗಟ ಉಣ್ಣೆಗಳನ್ನು ಕೊಲ್ಲುತ್ತವೆ; ಕಜ್ಜಿಹುಳಕ್ಕೂ ಇವನ್ನು ವೈದ್ಯರು ಕೊಡುತ್ತಾರೆ. ನಾಯಿಯ ತೂಕ ನೋಡಿ ಕೊಡತಕ್ಕ ಮದ್ದು ಇದು. ಮೂರ್ಛೆ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಬೆಲೆ ಹೆಚ್ಚೆಂಬುದು ನಿಜ. ಆದರೆ ಆ ಒಕ್ಕಲುಮನೆಯವರು ಎರಡು ವರ್ಷದಲ್ಲಿ ಸೋಪು, ಪುಡಿ, ಎಣ್ಣೆಗಳಿಗೆ ಸುರಿದ ಹಣ ಅದಕ್ಕಿಂತ ಹೆಚ್ಚೆಂದು ಲೆಕ್ಕ ಹಾಕಿದ ಮೇಲೆ ಅವರೇ ಒಪ್ಪಿದರು.

ಇಲ್ಲಿ ಮಾಡಕೂಡದ ಸಂಗತಿಗಳನ್ನು ಸ್ವಲ್ಪ ಬಿರುಸಾಗಿಯೇ ಹೇಳಬೇಕಾಗಿದೆ. ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಚರ್ಮ ಬೇಯುತ್ತದೆ, ನಾಯಿ ನೆಕ್ಕಿ ವಿಷ ಹೊಟ್ಟೆಗೆ ಹೋಗುತ್ತದೆ. ಫಿನಾಯಿಲೂ ಹಾಗೆಯೇ. ಎಲ್ಲಕ್ಕಿಂತ ಕೇಡಿನದು ಹತ್ತಿಗೆ ಹೊಡೆಯುವ ಔಷಧ. ಮನೆಯಲ್ಲಿ ಡಬ್ಬಿ ಇದ್ದೇ ಇರುತ್ತದೆ, ‘ಹುಳಕ್ಕೆ ಹುಳದ ಮದ್ದು’ ಎಂದು ಒಂದು ಮುಚ್ಚಳ ನೀರಿಗೆ ಬೆರೆಸಿ ನಾಯಿಗೆ ಸುರಿಯುತ್ತಾರೆ. ಮಾನೊಕ್ರೊಟೊಫಾಸ್, ಕ್ವಿನಾಲ್‌ಫಾಸ್ ಮೊದಲಾದ ಔಷಧಗಳು ಚರ್ಮದ ಮೂಲಕವೇ ಒಳಗಿಳಿಯುತ್ತವೆ. ಜೊಲ್ಲು ಸುರಿದು, ಕಣ್ಣಪಾಪೆ ಕಿರಿದಾಗಿ, ನಡುಗಿ, ಕೆಲವೇ ತಾಸಿನಲ್ಲಿ ನಾಯಿ ಸತ್ತದ್ದನ್ನು ನಾವೇ ಕಂಡಿದ್ದೇವೆ. ಸುರಿದವನ ಕೈಗೂ ಆ ವಿಷ ತಾಗದೆ ಇರುವುದಿಲ್ಲ. ಹಾಗೆ ಯಾರಾದರೂ ಮಾಡಿಬಿಟ್ಟಿದ್ದರೆ, ಕೈಗೆ ಚೀಲ ಕಟ್ಟಿಕೊಂಡು ನಾಯಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಡಬ್ಬಿಯನ್ನೂ ಜತೆಗೆ ಹಿಡಿದುಕೊಂಡು ತಡಮಾಡದೆ ಪಶುವೈದ್ಯರಲ್ಲಿಗೆ ಹೋಗಬೇಕು.

ಕುರಿ ದನಗಳಿಗೆ ಹಾಕುವ ಐವರ್ಮೆಕ್ಟಿನ್ ಸೂಜಿಮದ್ದಿನ ಲೆಕ್ಕವನ್ನೂ ತಿಳಿದಿರಬೇಕು. ಶೇಕಡಾ 1ರ ಆ ಮದ್ದಿನ ಒಂದು ಮಿಲಿಲೀಟರ್ 50 ಕಿಲೋ ತೂಕದ ದನಕ್ಕೆ ಸಾಕಾಗುವಷ್ಟು. ಐದು ಕಿಲೋ ತೂಗುವ ನಾಯಿಗೆ ಅಷ್ಟನ್ನೇ ಚುಚ್ಚಿದರೆ ಹತ್ತು ಪಟ್ಟಾಯಿತು. ಕೆಲವು ತಳಿಯ ನಾಯಿಗಳಿಗಂತೂ, ಮುಖ್ಯವಾಗಿ ಕೋಲಿ ಜಾತಿಯವಕ್ಕೆ, ಸಾಧಾರಣ ಚಿಕಿತ್ಸೆಯ ಪ್ರಮಾಣವೂ ಪ್ರಾಣಕ್ಕೆ ಬರಬಹುದು. ಇದು ಕುರಿಗಾರರ ಕೈಗುಣದಿಂದ ಆಗುವ ಕೆಲಸವಲ್ಲ.

ನವೆಯನ್ನು ಒಂದೇ ದಿನದಲ್ಲಿ ನಿಲ್ಲಿಸುವ ಮದ್ದೆಂದರೆ ಸ್ಟೀರಾಯ್ಡ್. ಅಂಗಡಿಯವರು ಕೊಡುವ ಬಿಳಿಯ ಸಣ್ಣ ಮಾತ್ರೆ ಬಹುಮಟ್ಟಿಗೆ ಅದೇ. ವೈದ್ಯರು ಗೊತ್ತಾದ ದಿನಗಳಿಗೆ ಬರೆದುಕೊಟ್ಟರೆ ಅದು ಒಳ್ಳೆಯ ಮದ್ದು. ಮನೆಯವರೇ ತಿಂಗಳುಗಟ್ಟಲೆ ನುಂಗಿಸಿದರೆ ನಾಯಿಗೆ ವಿಪರೀತ ನೀರಡಿಕೆ, ಹಸಿವು, ಉಚ್ಚೆ. ಹೊಟ್ಟೆ ಜೋತು, ಚರ್ಮ ತೆಳುವಾಗುತ್ತದೆ. ದೀರ್ಘಕಾಲ ಕೊಟ್ಟದ್ದನ್ನು ಒಮ್ಮೆಗೇ ನಿಲ್ಲಿಸಿದರೂ ಅಪಾಯ. ಒಳಗೆ ಕಜ್ಜಿಹುಳವಿದ್ದರೆ ನವೆ ಅಡಗಿ ಹುಳ ಬೆಳೆಯುತ್ತದೆ. ಅದಕ್ಕೇ ಚರ್ಮವನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನು ಮೊದಲು ಮಾಡಿಸಬೇಕು. ಮನುಷ್ಯರ ಹುಳಕಡ್ಡಿಯ ಮುಲಾಮನ್ನಾಗಲಿ, ನೆಗಡಿಯ ಮಾತ್ರೆಯನ್ನಾಗಲಿ ನಾಯಿಗೆ ಕೊಡಬಾರದು. 2013ರಿಂದ ಬಳಕೆಗೆ ಬಂದ ಓಕ್ಲಾಸಿಟಿನಿಬ್ ಎಂಬ ಮಾತ್ರೆ ಸ್ಟೀರಾಯ್ಡಿನ ಜಾತಿಯದಲ್ಲ, ನವೆಯ ಸುದ್ದಿಯನ್ನು ಒಯ್ಯುವ ದಾರಿಯನ್ನೇ ಕಟ್ಟುತ್ತದೆ. ಒಂದು ವರ್ಷದೊಳಗಿನ ನಾಯಿಗೆ ಅದು ಸಲ್ಲದು, ದುಬಾರಿಯೂ ಹೌದು.

ಒಕ್ಕಲುಮನೆಯ ನಾಯಿಗೆ ಮಾತ್ರೆ ನುಂಗಿಸಿ, ಹಾಸಿಗೆ ಒಗೆದು, ಕೆರೆದ ಗಾಯಕ್ಕೆ ವೈದ್ಯರು ಬರೆದ ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನಿಂದ ವಾರಕ್ಕೊಮ್ಮೆ ಮೀಯಿಸಲಾಯಿತು. ಮೀಯಿಸುವುದರಲ್ಲಿಯೂ ಒಂದು ಹದವಿದೆ: ನೊರೆಯನ್ನು ಹತ್ತು ನಿಮಿಷ ಮೈಮೇಲೆ ಬಿಡಬೇಕು, ತಣ್ಣೀರಿನಲ್ಲಿ ತೊಳೆಯಬೇಕು, ಕೂದಲ ಬುಡದವರೆಗೆ ಒರಸಿ ಆರಿಸಬೇಕು. ಬಟ್ಟೆಯ ಸಾಬೂನು ಬೇಡ. ಬೇಸಗೆಯೆಂದು ಕೂದಲನ್ನು ಚರ್ಮಕ್ಕೆ ಹತ್ತಿ ಬೋಳಿಸಬಾರದು, ಬಿಸಿಲು ನೇರವಾಗಿ ಸುಡುತ್ತದೆ. ಬೇವಿನೆಲೆ ಕುದಿಸಿದ ನೀರನ್ನು ಹಿರಿಯರು ಬಿಡಲೊಲ್ಲರು. ಆರಿಸಿ ಹಾಕಿದರೆ ಕೇಡಿಲ್ಲ, ಆದರೆ ಅದರಿಂದ ಮನೆಯ ಚಿಗಟ ಹೋಗುವುದಿಲ್ಲ.

ಆರು ವಾರಕ್ಕೆ ಬಾಲದ ಬುಡದಲ್ಲಿ ಹೊಸ ಕೂದಲು ಚಿಗುರಿತು. ಆದರೆ ನಾಯಿ ಪಾದ ನೆಕ್ಕುವುದನ್ನು ಬಿಡಲಿಲ್ಲ, ಕಿವಿಯಲ್ಲಿ ಕಂದುಬಣ್ಣದ ಕೊಳೆ ಮತ್ತೆ ಮತ್ತೆ ಬಂತು. ಚಿಗಟದ ಕೆಳಗೆ ಇನ್ನೊಂದು ಅಲರ್ಜಿ ಅಡಗಿತ್ತು. ಹೀಗೆ ಒಂದರ ಮೇಲೊಂದು ಕೂಡಿಕೊಂಡಿರುವುದು ಸಾಮಾನ್ಯ.

ಆಗ ಊಟದ ಪರೀಕ್ಷೆಗೆ ತೊಡಗಿದೆವು. ನಾಯಿ ಹಿಂದೆ ಎಂದೂ ತಿನ್ನದ ಒಂದು ಬಗೆಯ ಮಾಂಸ ಅಥವಾ ಮೀನು, ಜತೆಗೆ ಒಂದೇ ಧಾನ್ಯ. ಎಂಟು ವಾರ ಅದೊಂದೇ. ಈ ನಾಯಿ ಕೋಳಿ, ಮೊಸರನ್ನ, ಜೋಳದ ರೊಟ್ಟಿಗಳಲ್ಲಿ ಬೆಳೆದದ್ದು. ಆದ್ದರಿಂದ ಹೊಳೆಯ ಮೀನು, ಅನ್ನ. ಮುಳ್ಳು ಬಿಡಿಸಬೇಕು, ಉಪ್ಪು ಖಾರ ಹಾಕಬಾರದು. ಉಳ್ಳಾಗಡ್ಡಿ ಬೆಳೆಯುವ ಸೀಮೆ ನಮ್ಮದು, ಸಾರಿನನ್ನದಲ್ಲಿ ಅದಿದ್ದೇ ಇರುತ್ತದೆ; ನಾಯಿಯ ರಕ್ತಕ್ಕೆ ಉಳ್ಳಾಗಡ್ಡಿ ವಿಷವೆಂಬುದು ಬಹುಜನಕ್ಕೆ ತಿಳಿಯದು. ಕಷ್ಟವೆಲ್ಲ ಮನೆಯವರನ್ನು ಕಾಯುವುದರಲ್ಲಿದೆ. ಅಜ್ಜಿ ಕದ್ದು ಕೊಟ್ಟ ಒಂದು ಬಿಸ್ಕೀಟಿನಿಂದ ಐದನೆಯ ವಾರದ ಲೆಕ್ಕ ಕೆಟ್ಟು, ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಮೊಮ್ಮಗ ಪ್ರತಿ ಭಾನುವಾರ ನವೆಗೆ ಹತ್ತರಲ್ಲಿ ಇಷ್ಟು ಎಂದು ಗುಣ ಹಾಕಿ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ. ಎಂಟು ವಾರ ಕಳೆದು ನೋಡಿದರೆ ಅಂಕಿ ಆರರಿಂದ ಐದಕ್ಕೆ ಇಳಿದಿತ್ತು, ಅಷ್ಟೆ. ಅಂದರೆ ತಪ್ಪು ಊಟದ್ದಲ್ಲ. ಇದನ್ನು ಸೋಲೆನ್ನಲಾಗದು, ಕೋಳಿ, ಮೊಸರುಗಳನ್ನು ನಾಯಿಗೆ ಹಿಂದಿರುಗಿಸಲು ಅಡ್ಡಿಯಿಲ್ಲವೆಂದು ತಿಳಿಯಿತು.

ಉಳಿದದ್ದು ಗಾಳಿ, ಧೂಳು, ಹುಲ್ಲುಗಳ ಅಲರ್ಜಿ. ಸ್ಟೇಷನ್ನಿನ ದಾರಿಯುದ್ದಕ್ಕೂ ಕಾಂಗ್ರೆಸ್ ಕಸ ಆಳೆತ್ತರ ಬೆಳೆದಿದೆ. ತೆಲುಗಿನವರು ಅದಕ್ಕೆ ‘ವಯ್ಯಾರಿಭಾಮ’ ಎಂಬ ಚೆಂದದ ಹೆಸರಿಟ್ಟಿದ್ದಾರೆ. ಮನುಷ್ಯರಿಗೆ ಅದರಿಂದ ಮೈ ಉರಿ, ಉಬ್ಬಸ ಬರುವುದು ಎಲ್ಲರಿಗೂ ತಿಳಿದದ್ದೇ; ನಾಯಿಯನ್ನೂ ಅದರಿಂದ ದೂರವಿಡುವುದು ಲೇಸು. ಈಗ ಅದನ್ನು ಬೇರೆ ದಾರಿಯಲ್ಲಿ ಅಡ್ಡಾಡಿಸುತ್ತಾರೆ, ಮನೆಗೆ ಬಂದೊಡನೆ ನಾಲ್ಕೂ ಪಾದ, ಹೊಟ್ಟೆಗಳನ್ನು ಒದ್ದೆಬಟ್ಟೆಯಲ್ಲಿ ಒರಸಿ ಆರಿಸುತ್ತಾರೆ, ಉಗುರು ಮೊಂಡಾಗಿ ಕತ್ತರಿಸುತ್ತಾರೆ. ನವೆ ಏಳಕ್ಕೆ ಏರಿದರೆ ಮಾತ್ರ ವೈದ್ಯರ ಮಾತ್ರೆ. ಈ ಬಗೆಯ ಅಲರ್ಜಿ ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬೇಕಷ್ಟೆ ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ಮನೆಯವರಿಗೆ ನಿರಾಸೆಯಾಗಲಿಲ್ಲ.

ಇಷ್ಟೆಲ್ಲ ಮಾಡುವಾಗ ಒಂದು ಎಚ್ಚರವಿರಲಿ. ವರ್ಷವರ್ಷದ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದ ನಾಯಿ, ಇದ್ದಕ್ಕಿದ್ದಂತೆ ಒಂದೇ ಜಾಗವನ್ನು ಹರಿದುಕೊಳ್ಳುವಂತೆ ಕಚ್ಚತೊಡಗಿ, ದನಿ ಒಡೆದು, ಜೊಲ್ಲು ಸುರಿಸಿದರೆ ಅದನ್ನು ಅಲರ್ಜಿಯೆಂದು ತಿಳಿದು ಮುಟ್ಟಲು ಹೋಗಬಾರದು.

ಮೊನ್ನೆ ಹೋದಾಗ ನಾಯಿ ಕಟ್ಟೆಯ ಮೇಲೆ ಹಿರಿಯರ ಕಾಲ ಬಳಿ ಮಲಗಿತ್ತು. ನೋಟುಬುಕ್ಕಿನಲ್ಲಿ ಆ ವಾರದ ಅಂಕಿ ಮೂರು. ಹಿರಿಯರು, “ಮುಂದಿನ ಮಾತ್ರಿ ಆಷಾಢದಾಗೋ, ಜೇಷ್ಠದಾಗೋ?” ಎಂದು ಕೇಳಿದರು. ಮಳೆ ಬೀಳುವ ಮೊದಲೇ ಜ್ಯೇಷ್ಠದಲ್ಲಿ ನುಂಗಿಸಿರೆಂದು ಹೇಳಿ ಬಂದೆವು.