ಬೀಜಕ್ಕೆ ಕುದಿ, ಎಲೆಗೆ ಬಿಸಿ, ಬೇರಿಗೆ ತಂಪು

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಮನೆಗಳಲ್ಲಿ ನೆಂಟರು ಕೈಕಾಲು ತೊಳೆದು ಜಗುಲಿಯಲ್ಲಿ ಕೂರುವ ಹೊತ್ತಿಗೆ ಒಳಗಿನಿಂದ ಪ್ರಶ್ನೆ ಬರುತ್ತದೆ: ‘ಆಸರಿಗೆ ಎಂತ ಮಾಡ್ಲಿ? ಚಾನಾ, ಕಾಫಿನಾ, ಕಷಾಯನಾ?’ ಇಲ್ಲಿ ಮೂರನೆಯದು ಜ್ವರ ಬಂದವರಿಗೆ ಮೀಸಲಾದದ್ದಲ್ಲ. ಶಾಲೆಯಿಂದ ಬಂದ ಮಕ್ಕಳು, ತೋಟದ ಕೆಲಸ ಮುಗಿಸಿದವರು, ರಾತ್ರಿ ನಿದ್ದೆ ಕೆಡಬಾರದೆಂದು ಕಾಫಿ ಬಿಟ್ಟ ಹಿರಿಯರು, ಎಲ್ಲರೂ ಖುಷಿಯಿಂದ ಕುಡಿಯುವ ಪಾನೀಯ ಅದು. ಬಯಲುಸೀಮೆಯಲ್ಲಿ, ಬೆಂಗಳೂರಿನಲ್ಲಿ ಕಷಾಯ ಎಂದರೆ ಇಂದಿಗೂ ಮುಖ ಸಿಂಡರಿಸುವವರೇ ಹೆಚ್ಚು. ಅದೇ ಬೆಂಗಳೂರಿನ ಅಂಗಡಿಗಳಲ್ಲಿ ‘ಹರ್ಬಲ್ ಟೀ’ ಎಂಬ ಹೆಸರಿನ ಚಂದದ ಡಬ್ಬಗಳು ಸಾಲಾಗಿ ನಿಂತಿವೆ. ಡಬ್ಬದ ಹಿಂಬದಿ ಓದಿದರೆ ಶುಂಠಿ, ತುಳಸಿ, ಮಜ್ಜಿಗೆ ಹುಲ್ಲು, ಜ್ಯೇಷ್ಠಮಧು. ನಮ್ಮ ಹಿತ್ತಿಲಿನವೇ, ನಮ್ಮ ಸಾಂಬಾರ ಡಬ್ಬಿಯವೇ. ಕೊಳ್ಳುವುದು ತಪ್ಪೇನಲ್ಲ. ಆದರೆ ಯಾವುದನ್ನು ಕುದಿಸಬೇಕು, ಯಾವುದರ ಮೇಲೆ ಬಿಸಿನೀರು ಹೊಯ್ದು ಮುಚ್ಚಿಡಬೇಕು, ಯಾವುದಕ್ಕೆ ಬೆಂಕಿಯನ್ನೇ ತೋರಿಸಬಾರದು ಎಂಬ ತಿಳಿವಳಿಕೆ ಡಬ್ಬದ ಜೊತೆಗೆ ಬರುವುದಿಲ್ಲ. ಕಷಾಯದ ಮನೆಗಳಲ್ಲಿ ಅದು ಕೈಯಿಂದ ಕೈಗೆ ಬಂದಿದೆ.

ಮೊದಲು ಕಷಾಯದ ಪುಡಿ. ಕೊತ್ತಂಬರಿ ಬೀಜ ಮತ್ತು ಜೀರಿಗೆ ಇದರ ಬುನಾದಿ. ಒಂದು ಲೋಟ ಕೊತ್ತಂಬರಿಗೆ ಅರ್ಧ ಲೋಟ ಜೀರಿಗೆ, ಒಂದೆರಡು ಚಮಚ ಕಾಳುಮೆಣಸು, ಒಂದು ಚಮಚ ಮೆಂತ್ಯ, ಬೆರಳುದ್ದದ ಒಣಶುಂಠಿ, ನಾಲ್ಕಾರು ಏಲಕ್ಕಿ. ಬಡೇಸೋಪು, ಲವಂಗ, ಜಾಯಿಕಾಯಿಯ ಚೂರು ಹಾಕುವವರಿದ್ದಾರೆ. ಅಳತೆ ಮನೆಯಿಂದ ಮನೆಗೆ ಬದಲಾಗುತ್ತದೆ, ಹುರಿಯುವ ಕ್ರಮ ಮಾತ್ರ ಬದಲಾಗಬಾರದು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಹಾಗಾಗಿ ಒಂದೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಕೊತ್ತಂಬರಿ ಮೊದಲು ಹಸಿ ವಾಸನೆ ಬಿಡುತ್ತದೆ. ಸೌಟು ನಿಲ್ಲಿಸದೆ ಆಡಿಸುತ್ತಿದ್ದರೆ ಕೆಲವೇ ನಿಮಿಷದಲ್ಲಿ ಆ ವಾಸನೆ ಹೋಗಿ ಘಮ ಏಳುತ್ತದೆ, ಕಾಳಿನ ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಹಲ್ಲಿಗೆ ಹಾಕಿದರೆ ಕಟ್ ಎಂದು ಮುರಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಬಾಣಲೆಯ ಕಾವಿನಲ್ಲೇ ಬಿಟ್ಟರೂ ಹುರಿತ ಮುಂದುವರಿಯುತ್ತದೆ, ಆದ್ದರಿಂದ ಕೂಡಲೇ ಅಗಲ ತಟ್ಟೆಗೆ ಸುರಿಯುವುದು ಒಳ್ಳೆಯದು. ಮೆಂತ್ಯದ ಮೇಲಂತೂ ಕಣ್ಣಿಟ್ಟಿರಬೇಕು. ಕೆಂಪಗಾದರೆ ಹಿತವಾದ ಕಹಿ, ಕಪ್ಪಾದರೆ ಇಡೀ ಪುಡಿಯೇ ಕೆಟ್ಟಂತೆ.

ಚೆನ್ನಾಗಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಬೇಕು. ನುಣ್ಣಗಾದರೆ ಸೋಸುವಾಗ ಜಾಲರಿ ಕಟ್ಟುತ್ತದೆ, ಲೋಟದ ತಳದಲ್ಲಿ ಗಸಿ ಕೂರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ರುಚಿಗೆ ಬೆಲ್ಲ, ನಾಲ್ಕೈದು ನಿಮಿಷ ಮರಳು ಕುದಿ. ಹಾಲು ಬೇಕಾದವರು ಅದನ್ನು ಬೇರೆಯಾಗಿ ಕಾಯಿಸಿ, ಒಲೆಯಿಂದ ಇಳಿಸಿ ಸೋಸಿದ ಮೇಲೆ ಬೆರೆಸಬೇಕು. ಬೆಲ್ಲದ ಕಷಾಯ ಕುದಿಯುತ್ತಿರುವಾಗಲೇ ಹಾಲು ಹೊಯ್ದರೆ ಒಡೆಯುವ ಸಂಭವ ಹೆಚ್ಚು. ಹಾಲು ಹಾಕದೆ ಕುಡಿದರೆ ಮೊದಲ ಗುಟುಕಿಗೆ ಕೊತ್ತಂಬರಿಯ ಸಿಹಿ, ಗಂಟಲಿಗೆ ಇಳಿದ ಮೇಲೆ ಮೆಣಸಿನ ಖಾರ. ಕಷಾಯ ಹೊಸದಾಗಿ ಕುಡಿಯುವವರಿಗೆ ನಾನು ಹೇಳುವುದು ಇದನ್ನೇ: ಒಂದು ಸಲವಾದರೂ ಹಾಲಿಲ್ಲದೆ ಕುಡಿಯಿರಿ, ಪುಡಿಯ ಗುಣ ಗೊತ್ತಾಗುವುದು ಆಗಲೇ.

ಕುದಿಸುವುದು, ಬಿಸಿನೀರಿನಲ್ಲಿ ನೆನೆಸುವುದು, ತಣ್ಣೀರಿನಲ್ಲಿ ನೆನೆಸುವುದು ಎಂಬ ಮೂರು ದಾರಿಗಳನ್ನು ಆಯುರ್ವೇದ ಬಹಳ ಹಿಂದೆಯೇ ಬೇರ್ಪಡಿಸಿ ಹೆಸರಿಟ್ಟಿದೆ. ಶಾರ್ಙ್ಗಧರ ಸಂಹಿತೆಯಲ್ಲಿ ಅಳತೆಯೂ ಇದೆ. ಒಂದು ಪಾಲು ಜಜ್ಜಿದ ದ್ರವ್ಯಕ್ಕೆ 16 ಪಾಲು ನೀರು ಹಾಕಿ, ಎಂಟನೇ ಒಂದು ಉಳಿಯುವವರೆಗೆ ಬತ್ತಿಸಿದರೆ ಕ್ವಾಥ. ನಾಲ್ಕು ಪಾಲು ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಫಾಂಟ. ಆರು ಪಾಲು ತಣ್ಣೀರಿನಲ್ಲಿ ರಾತ್ರಿಯಿಡೀ ಇಟ್ಟರೆ ಹಿಮ. ಈ ಲೆಕ್ಕವನ್ನು ನಮ್ಮ ಅಡುಗೆಮನೆಯ ಲೋಟದ ಪಕ್ಕದಲ್ಲಿಟ್ಟು ನೋಡಬೇಕು. ಕ್ವಾಥದಲ್ಲಿ ಹದಿನಾರು ಪಾಲು ನೀರು ಎರಡು ಪಾಲಿಗೆ ಇಳಿಯುತ್ತದೆ, ಅಂದರೆ ಒಂದು ಗ್ರಾಂ ದ್ರವ್ಯಕ್ಕೆ ಉಳಿಯುವುದು ಎರಡು ಮಿಲಿಲೀಟರ್ ನೀರು. ಮನೆಯ ಕಷಾಯಕ್ಕೆ 200 ಮಿಲಿಲೀಟರ್ ನೀರಿಗೆ ಸುಮಾರು ನಾಲ್ಕು ಗ್ರಾಂ ಪುಡಿ, ಒಂದಕ್ಕೆ ಐವತ್ತು. ವೈದ್ಯರ ಕ್ವಾಥಕ್ಕಿಂತ ಇದು ಇಪ್ಪತ್ತೈದು ಪಟ್ಟು ತೆಳು. ಮನೆಯ ಕಷಾಯವನ್ನು ದಿನವೂ ಕುಡಿಯಲು ಸಾಧ್ಯವಾಗಿರುವುದು ಈ ತೆಳುವಿನಿಂದಲೇ. ಔಷಧಿಯ ಅಳತೆಯನ್ನು ಔಷಧಿಗೇ ಬಿಟ್ಟು, ಪರಿಮಳಕ್ಕೂ ಹಿತಕ್ಕೂ ಸಾಕಾಗುವಷ್ಟನ್ನು ಮಾತ್ರ ಲೋಟಕ್ಕೆ ತಂದುಕೊಂಡ ಜಾಣತನ ಅದು.

ಬೀಜ, ತೊಗಟೆ, ಒಣಶುಂಠಿಯಂಥ ಗಟ್ಟಿ ವಸ್ತುಗಳು ಕುದಿಯದೆ ಸಾರ ಬಿಡುವುದಿಲ್ಲ. ಎಲೆ, ಹೂಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ತುಳಸಿಯ, ಮಜ್ಜಿಗೆ ಹುಲ್ಲಿನ ಪರಿಮಳವೆಲ್ಲ ಬೇಗ ಹಾರಿಹೋಗುವ ತೈಲದಲ್ಲಿದೆ. ಪಾತ್ರೆ ತೆರೆದಿಟ್ಟು ಹತ್ತು ನಿಮಿಷ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಹಸಿರು ನೀರು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಕೈಯಲ್ಲಿ ಹರಿದ ಎಲೆಗಳನ್ನು ಹಾಕಿ, ಐದು ನಿಮಿಷ ತಟ್ಟೆ ಮುಚ್ಚಿಡುವುದು ಸರಿಯಾದ ಕ್ರಮ. ತಟ್ಟೆಯ ಒಳಮೈಯಲ್ಲಿ ನಿಂತ ಹನಿಗಳಲ್ಲೂ ಪರಿಮಳವಿರುತ್ತದೆ, ಅವನ್ನು ಮರಳಿ ಪಾತ್ರೆಗೇ ಕೊಡವಬೇಕು. ‘ಹಿಬಿಸ್ಕಸ್ ಟೀ’ ಎಂದು ಮಾರುವ ಕಡುಗೆಂಪು ದಳಗಳಿಗೂ ಇದೇ ಕ್ರಮ. ಉತ್ತರ ಕರ್ನಾಟಕದವರು ಗಮನಿಸಬೇಕಾದ ಸಂಗತಿಯೊಂದಿದೆ: ಅವು ನಮ್ಮ ದೇವರ ಮನೆಯ ದಾಸವಾಳದ ದಳಗಳಲ್ಲ, ಪುಂಡಿಪಲ್ಯೆಯ ಬಳಗದ ಗಿಡದ್ದೇ ಹೂವಿನ ಬುಡದಲ್ಲಿರುವ ಹುಳಿ ಪುಷ್ಪಪಾತ್ರೆ. ಈಜಿಪ್ಟಿನಲ್ಲಿ ಮನೆಮನೆಯಲ್ಲೂ ಕುಡಿಯುವ ಪಾನೀಯವನ್ನು ಮಾಡುವುದು ಅದರಿಂದ.

ಇನ್ನು ಚಹಾದ ಎಲೆ. ನಮ್ಮಲ್ಲಿ ಬಹುತೇಕರು ಚಹಾವನ್ನು ಎಲೆಯ ರೂಪದಲ್ಲಿ ಕಂಡೇ ಇಲ್ಲ. ನಾವು ಕೊಳ್ಳುವ ಟೀಪುಡಿ ಸಿ.ಟಿ.ಸಿ. ಯಂತ್ರದಿಂದ ಬಂದದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಈ ಯಂತ್ರದ ಹಲ್ಲಿನ ಉರುಳೆಗಳು ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಸಣ್ಣ ಕಾಳುಗಳನ್ನಾಗಿ ಮಾಡುತ್ತವೆ. ಅವು ಬೇಗ, ಗಾಢವಾಗಿ ಬಣ್ಣ ಬಿಡುತ್ತವೆ. ಹಾಲು, ಸಕ್ಕರೆ, ಶುಂಠಿಯ ಎದುರಿಗೆ ನಿಲ್ಲುವ ಕಸುವು ಆ ಕಾಳುಗಳಿಗಿದೆ. ಹಾಲು ಹಾಕಿ ಕುದಿಸುವ ಚಹಾಕ್ಕೆ ಅದೇ ಸರಿ. ಆರ್ಥೊಡಾಕ್ಸ್ ಎಂದು ಕರೆಯುವ ಹಳೆಯ ಪದ್ಧತಿಯಲ್ಲಿ ಎರಡೆಲೆ, ಒಂದು ಕುಡಿಯನ್ನು ಕೊಯ್ದು ಹನ್ನೆರಡರಿಂದ ಹದಿನೆಂಟು ಗಂಟೆ ಬಾಡಿಸಿ, ಎಲೆ ಪೂರ್ತಿ ಚೂರಾಗದಂತೆ ಹೊಸೆದು, ಗಾಳಿಗೆ ಕೆಂಪಾಗಲು ಬಿಟ್ಟು, ಆಮೇಲೆ ಒಣಗಿಸುತ್ತಾರೆ. ಗ್ರೀನ್ ಟೀ ಆಗಬೇಕಾದರೆ ಕೊಯ್ದ ಎಲೆಯನ್ನು ಹೆಚ್ಚು ತಡಮಾಡದೆ ಬಿಸಿಗೊಡ್ಡಿ ಆ ಕೆಂಪಾಗುವಿಕೆಯನ್ನೇ ತಡೆಯುತ್ತಾರೆ. ಗಿಡ ಒಂದೇ, ಎಲೆಯೂ ಅದೇ.

ಇಂಥ ಎಲೆಗಾಗಿ ಡಾರ್ಜಿಲಿಂಗಿನವರೆಗೆ ನೋಡಬೇಕಿಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿದರೆ ನೀಲಗಿರಿಯ ತೋಟಗಳೇ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗಿಡ ನಿಧಾನವಾಗಿ ಚಿಗುರುವಾಗ ಕೊಯ್ದ ನೀಲಗಿರಿ ಎಲೆಗೆ ಹೂವಿನಂಥ ಪರಿಮಳ ಬರುತ್ತದೆ. ‘ಫ್ರಾಸ್ಟ್ ಟೀ’ ಎಂದು ಪ್ರತ್ಯೇಕವಾಗಿಯೇ ಮಾರಾಟವಾಗುತ್ತದೆ. ನಮ್ಮ ರಾಜ್ಯದಲ್ಲೂ ಕಾಫಿಯ ನಡುವೆ ಅಲ್ಲಲ್ಲಿ ಚಹಾ ತೋಟಗಳಿವೆ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬಂದವರಿಗೆ ಕೆಳಗೂರಿನ ಚಹಾದ ಹೆಸರು ಹೊಸದಲ್ಲ.

ಎಲೆ ಚಹಾ ಮಾಡಲು ಬೇಕಾದದ್ದು ಜಾಗ, ಸಮಯ, ನೀರಿನ ಹದ. 200 ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಎಲೆ ಸಾಕು. ಎಲೆ ಹಗುರವಾದ್ದರಿಂದ ಅದು ಸಣ್ಣ ಚಮಚದಲ್ಲಿ ಗೋಪುರವಾಗಿ ನಿಲ್ಲುತ್ತದೆ. ಕಪ್ಪು ಚಹಾಕ್ಕೆ ಆಗತಾನೇ ಕುದಿದ ನೀರು, ಮೂರರಿಂದ ಐದು ನಿಮಿಷ. ಹಸಿರು ಚಹಾಕ್ಕೆ ಕುದಿದ ನೀರನ್ನು ನಾಲ್ಕೈದು ನಿಮಿಷ ಆರಲು ಬಿಟ್ಟು, 80 ಡಿಗ್ರಿಯ ಆಸುಪಾಸಿಗೆ ಬಂದಾಗ ಹೊಯ್ದು, ಎರಡು ಮೂರು ನಿಮಿಷದಲ್ಲಿ ಸೋಸಬೇಕು. ಗ್ರೀನ್ ಟೀ ಕಹಿ ಎಂದು ದೂರುವವರ ಮನೆಯಲ್ಲಿ ಎಲೆಯ ತಪ್ಪು ಕಡಿಮೆ, ಕೊತಕೊತ ನೀರಿನ ತಪ್ಪೇ ಹೆಚ್ಚು. ಗಾಜಿನ ಪಾತ್ರೆಯಲ್ಲಿ ಮಾಡಿ ನೋಡಿ. ಹೊಸೆದ ಕಪ್ಪು ಎಳೆಗಳು ಮೊದಲು ಮೇಲೆ ತೇಲುತ್ತವೆ, ಒಂದೊಂದಾಗಿ ನೀರು ಕುಡಿದು ಬಿಚ್ಚಿಕೊಳ್ಳುತ್ತ ಕೆಳಗಿಳಿಯುತ್ತವೆ, ಕೊನೆಗೆ ತಳದಲ್ಲಿ ನರಗಳು ಕಾಣುವ ಎಲೆ ಇರುತ್ತದೆ. ಒಳ್ಳೆಯ ಎಲೆ ಎರಡನೇ ಸಲದ ನೀರಿಗೂ ರುಚಿ ಕೊಡುತ್ತದೆ. ಟೀಬ್ಯಾಗಿನ ಇಕ್ಕಟ್ಟಿನಲ್ಲಿ ಇಡೀ ಎಲೆ ಬಿಚ್ಚಿಕೊಳ್ಳಲು ಜಾಗವಿಲ್ಲ, ಅದಕ್ಕೇ ಸಾಧಾರಣ ಬ್ಯಾಗುಗಳಲ್ಲಿ ಇರುವುದು ಚೂರು ಮತ್ತು ಪುಡಿ.

ಮೂರನೆಯ ದಾರಿ ಬೇಸಿಗೆಯದು. ಲಾವಂಚದ ಬೇರನ್ನು ತೊಳೆದು ಮಡಕೆಯ ನೀರಿಗೆ ಹಾಕಿಟ್ಟರೆ ಮರುದಿನ ಆ ನೀರಿಗೆ ಮಳೆ ಬಿದ್ದ ಮಣ್ಣಿನ ಘಮ. ಮುರುಗಲು, ಅಂದರೆ ಕರಾವಳಿಯ ಪುನರ್ಪುಳಿಯ ಒಣಸಿಪ್ಪೆಯೂ ತಣ್ಣೀರಿಗೇ ಬಣ್ಣ, ಹುಳಿ ಎರಡನ್ನೂ ಬಿಡುತ್ತದೆ. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಸೊಗದೆ ಬೇರು. ಅದರ ಪರಿಮಳ ವೆನಿಲ್ಲಾಕ್ಕೆ ಹತ್ತಿರ. ಅದಕ್ಕೆ ಕಾರಣವಾದ ರಾಸಾಯನಿಕವೂ ವೆನಿಲಿನ್‌ನ ಸೋದರ ಸಂಬಂಧಿಯೇ. ಕುದಿಸಿದರೆ ಆ ಘಮ ಆವಿಯ ಜೊತೆ ಹೊರಟುಹೋಗುತ್ತದೆ. ಜಜ್ಜಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಚಿಟಿಕೆ ಏಲಕ್ಕಿ, ನಿಂಬೆಹುಳಿ, ಬೆಲ್ಲ ಸೇರಿಸಿದರೆ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಬೇರೇನೂ ಬೇಡ.

ವರ್ಷಕ್ಕೊಮ್ಮೆ ಮಾತ್ರ ಕುಡಿಯುವವೂ ಇವೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ. ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ, ಬೆಳ್ಳುಳ್ಳಿ, ಮೆಣಸು ಸೇರಿಸಿ, ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕಿ ಚುಂಯ್ ಎನ್ನಿಸುತ್ತಾರೆ. ಹಿಂದೆಯೇ ಮೆಂತ್ಯದ ಗಂಜಿ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪನ್ನು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ. ಗೊತ್ತಿದ್ದವರು ತಂದುಕೊಟ್ಟರೆ ಮಾತ್ರ ಇವನ್ನು ಮುಟ್ಟಬೇಕು. ಹಾಲೆಯೆಂದುಕೊಂಡು ನಂಜಿನ ಕಾಸರಕನ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು.

ಆರೋಗ್ಯದ ಮಾತಿಗೆ ಬಂದರೆ, ಒಂದು ಲೋಟ ಕಷಾಯ ಯಾವ ರೋಗವನ್ನೂ ಓಡಿಸುತ್ತದೆಂದು ನಾನು ಹೇಳಲಾರೆ. ಹೇಳಬಹುದಾದದ್ದು ಇಷ್ಟು: ಕಷಾಯದಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಸಂಜೆ ಆರರ ನಂತರದ ಲೋಟಕ್ಕೆ ಅದು ಹೇಳಿ ಮಾಡಿಸಿದ್ದು. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದೂ, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಚಹಾ, ಕಾಫಿ ಬೇಡವೆಂದೂ ಹೇಳಿದೆ. ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ, ಹೆಣ್ಣುಮಕ್ಕಳು ತಿಂಡಿಯ ಜೊತೆಗೇ ಚಹಾ ಕುಡಿಯುವ ರೂಢಿ ಬದಲಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಬೆಲ್ಲವೂ ಸಕ್ಕರೆಯ ಸಂಬಂಧಿಯೇ ಎಂಬುದನ್ನು ಮಧುಮೇಹಿಗಳು ಮರೆಯಬಾರದು. ಜ್ಯೇಷ್ಠಮಧು ದಿನವೂ ಸೇವಿಸಿದರೆ ರಕ್ತದೊತ್ತಡ ಏರಬಹುದು.

ಕೋವಿಡ್ ಕಾಲದಲ್ಲಿ ಊರಿಗೆ ಊರೇ ಕಷಾಯದ ಕಡೆ ತಿರುಗಿತು. ಆಯುಷ್ ಸಚಿವಾಲಯವೂ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿಯ ಕಷಾಯ ಕುಡಿಯಲು ಹೇಳಿತ್ತು. ಅದರ ಜೊತೆಗೇ ಅಮೃತಬಳ್ಳಿಯನ್ನು ಲಂಗುಲಗಾಮಿಲ್ಲದೆ ಕುಡಿದವರೂ ಇದ್ದರು. ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಕೊತ್ತಂಬರಿ, ಜೀರಿಗೆಯಂಥ ದಿನದ ಅಡುಗೆಯ ಪದಾರ್ಥಗಳಿಗೂ ಔಷಧಿಯ ಬಳ್ಳಿ, ಬೇರುಗಳಿಗೂ ನಡುವೆ ಗೆರೆಯೊಂದು ಇರಲೇಬೇಕು. ಎರಡನೆಯವನ್ನು ವೈದ್ಯರನ್ನು ಕೇಳದೆ, ಅದರಲ್ಲೂ ಬಸುರಿಯರು ಮತ್ತು ನಿತ್ಯ ಮಾತ್ರೆ ನುಂಗುವವರು, ಶುರು ಮಾಡಬಾರದು.

ದಿನದ ಕಷಾಯ, ತಂಪು ಪಾನೀಯಗಳನ್ನು ಶುರು ಮಾಡುವವರಿಗೆ ಬೇಕಾದದ್ದೆಲ್ಲ ಹಳೆಯ ಪೇಟೆಗಳ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಪುಡಿಯನ್ನು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎಲೆ ಚಹಾಕ್ಕೂ ಬಿಸಿಲು, ತೇವ, ಸಾಂಬಾರದ ವಾಸನೆ ಮೂರೂ ಆಗದು. ಸೊಗದೆ ಬೇರು ಕೊಳ್ಳುವಾಗ ದಪ್ಪನೆಯದಕ್ಕೆ ಮಾರುಹೋಗಬೇಡಿ, ಪರಿಮಳವಿರುವುದು ಸಿಪ್ಪೆಯಲ್ಲಿ. ಸಿಪ್ಪೆ ಉದುರದ, ಪೆನ್ಸಿಲ್‌ಗಿಂತ ಸಣ್ಣ ಬೇರನ್ನು ಆರಿಸಿ ಉಗುರಿನಿಂದ ಕೆರೆದು ಮೂಸಿ ನೋಡಿ. ಘಮ ಬರದಿದ್ದರೆ ಆ ಕಟ್ಟನ್ನು ಬಿಟ್ಟು ಬೇರೆಯದನ್ನು ಕೇಳಿ.